ಉರಿದರೆ ಹೇಳಿ

(ಸ್ತನ ಕ್ಯಾನ್ಸರ್‌ಗೆ ಕೀಮೋ ಶುರುವಾಗಲಿರುವವರು ಮತ್ತು ಅವರ ಮನೆಯವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ನಾನೇ ಬರೆದೆ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಉಳಿದದ್ದು ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಸರಿ.

ಮೊದಲು ಒಂದು ಪ್ರಶ್ನೆ. ಇನ್ನು ಹತ್ತು ಹದಿನೈದು ದಿನದೊಳಗೆ ಮೊದಲ ಕೀಮೋ ಇರುವವರು ಎಷ್ಟು ಜನ ಇದ್ದೀರಿ? ಸುಮ್ನೆ ಕೈ ಎತ್ತಿ. ಒಂದು, ಎರಡು, ಮೂರು, ನಾಲ್ಕು. ಕೊನೆಯ ಸಾಲಿನಲ್ಲಿ ಒಂದು ಅರ್ಧ ಕೈ. ಎತ್ತಲೋ ಬೇಡವೋ ಅಂತ ಕಿವಿಯ ಹತ್ತಿರವೇ ನಿಂತುಬಿಟ್ಟಿದೆ. ಅಡ್ಡಿಯಿಲ್ಲ, ಅದನ್ನೂ ಎಣಿಸಿದೆ. ಮೂರು ವರ್ಷದ ಹಿಂದೆ ಇಂಥದ್ದೇ ಸಭೆಯಲ್ಲಿ ನಾನು ಅಷ್ಟೂ ಎತ್ತಿರಲಿಲ್ಲ.

ನಾನು ಡಾಕ್ಟರ್ ಅಲ್ಲ. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು. ಬಲಗಡೆ ಎದೆಯಲ್ಲಿ ಗಡ್ಡೆ ಇತ್ತು. ಆಪರೇಷನ್ ಆಯಿತು, ಆಮೇಲೆ ಕೀಮೋ. ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಜೋಡಿ ಮೂರು ವಾರಕ್ಕೊಮ್ಮೆ, ಒಟ್ಟು 4 ಸಲ. ಅದು ಮುಗಿದ ಮೇಲೆ ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್ 12 ಸಲ. ನಿಮ್ಮದು ಇದೇ ಆಗಿರಬೇಕೆಂದಿಲ್ಲ. ಕೆಲವರಿಗೆ ಆಪರೇಷನ್‌ಗೆ ಮೊದಲೇ ಕೀಮೋ ಕೊಡುತ್ತಾರೆ. ಕೆಲವರಿಗೆ ಕೀಮೋ ಬೇಕಾಗುವುದೇ ಇಲ್ಲ. ಹಾರ್ಮೋನ್‌ಗೆ ಸ್ಪಂದಿಸುವ, ಕಂಕುಳಿನ ಗಂಟುಗಳಿಗೆ ಹಬ್ಬದ ಗಡ್ಡೆಗಳಲ್ಲಿ 21 ಜೀನ್‌ಗಳನ್ನು ನೋಡುವ ಒಂದು ಪರೀಕ್ಷೆ ಇದೆ. ಅದರ ಅಂಕ ಕಮ್ಮಿ ಬಂದರೆ ಬರೀ ಮಾತ್ರೆ ಸಾಕು ಎಂದು ಎಷ್ಟೋ ಜನರಿಗೆ ಹೇಳುತ್ತಾರೆ. ಹಾಗಾಗಿ ಪಕ್ಕದ ಮನೆಯವರ ಕಥೆಗೂ ನಿಮ್ಮ ಫೈಲಿಗೂ ತಾಳೆ ಹಾಕಬೇಡಿ. ನನ್ನ ಕಥೆಗೂ ಅಷ್ಟೇ.

ನನಗೆ ಇವತ್ತು ಹೇಳಬೇಕಾಗಿರುವುದು ಮೊದಲ ದಿನದ ವಿಷಯ ಮಾತ್ರ. ಆ ಒಂದು ದಿನದಲ್ಲಿ ನಾನು ಮಾಡಿದ ಒಂದು ಪೆದ್ದುತನದ ವಿಷಯ. ಅಲ್ಲಿಗೆ ಬರುತ್ತೇನೆ.

ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ, ಅದನ್ನು ಹೇಳಬೇಕಾಗಿಲ್ಲ. ಕಣ್ಣು ಮುಚ್ಚಿದರೆ ಸಿನಿಮಾದಲ್ಲಿ ತೋರಿಸುವ ಕ್ಯಾನ್ಸರ್ ಬರುತ್ತಿತ್ತು. ಬೋಳು ತಲೆ, ಬಕೆಟ್, ವಾಂತಿ, ಹಿನ್ನೆಲೆಯಲ್ಲಿ ಪಿಟೀಲು. ನಿಜ ಏನು ಗೊತ್ತಾ? ಇದರಲ್ಲಿ ಹೆಚ್ಚಿನದು ಮೊದಲ ದಿನ ಆಗುವುದಿಲ್ಲ. ಈ ಜೋಡಿ ಔಷಧಿಗೆ ಕೂದಲು ಉದುರುವುದು ಹೌದು, ಆದರೆ ಎರಡು ಮೂರು ವಾರ ಕಳೆದ ಮೇಲೆ. ಬಿಳಿ ರಕ್ತಕಣ ಇಳಿಯುವುದು ಒಂದು ವಾರದ ನಂತರ. ಬಾಯಿ ಹುಣ್ಣು ಬಂದರೆ ಅದೂ ಆಮೇಲೆ. ಕಾರಣ ಸರಳ. ಈ ಔಷಧಿಗಳು ಬೇಗ ಬೇಗ ಎರಡಾಗುವ ಜೀವಕೋಶಗಳನ್ನು ಹಿಡಿಯುತ್ತವೆ. ಕ್ಯಾನ್ಸರ್ ಕೋಶ ಹಾಗೇ ಬೆಳೆಯುತ್ತದೆ. ಕೂದಲ ಬುಡ, ಬಾಯಿಯ ಒಳಪದರ, ಕರುಳು, ಮೂಳೆಯ ಮಜ್ಜೆ ಇವೂ ಬೇಗ ಬೆಳೆಯುವ ಜಾಗಗಳೇ. ಪೆಟ್ಟು ಇವತ್ತು ಬೀಳುತ್ತದೆ, ಕಾಣಿಸಿಕೊಳ್ಳುವುದು ನಿಧಾನವಾಗಿ.

ಇನ್ನು ವಾಂತಿ. ನಮ್ಮ ಅಮ್ಮಂದಿರ ಕಾಲದ ಕಥೆಗಳು ಸುಳ್ಳಲ್ಲ. ಆಗ ಇದ್ದ ಮಾತ್ರೆಗಳು ಇದಕ್ಕೆ ಸಾಲುತ್ತಿರಲಿಲ್ಲ. ಒಂಡಾನ್ಸೆಟ್ರಾನ್ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1991ರಲ್ಲಿ, ಅಪ್ರೆಪಿಟಂಟ್ 2003ರಲ್ಲಿ. ಇವು ಬಂದ ಮೇಲೆ ಕೀಮೋ ಕೋಣೆಯ ಚಿತ್ರವೇ ಬದಲಾಯಿತು. ನಾನು ಹೋದ ದಿನ ಆ ಕೋಣೆಯಲ್ಲಿ ಹತ್ತು ಕುರ್ಚಿ ಇದ್ದವು, ಹತ್ತರಲ್ಲೂ ಜನ ಇದ್ದರು. ಒಬ್ಬರೂ ವಾಂತಿ ಮಾಡುತ್ತಿರಲಿಲ್ಲ. ಒಬ್ಬರು ಗೊರಕೆ ಹೊಡೆಯುತ್ತಿದ್ದರು. ಇಬ್ಬರು ಮೊಬೈಲ್ ನೋಡುತ್ತಿದ್ದರು. ಒಬ್ಬರು ಫೋನಿನಲ್ಲಿ ಯಾರಿಗೋ ಜೋರು ಮಾಡುತ್ತಿದ್ದರು. ಬಸ್ ನಿಲ್ದಾಣದ ಕಾಯುವ ಕೋಣೆ ಇದ್ದ ಹಾಗಿತ್ತು. ಸತ್ಯವಾಗಿ ಹೇಳಬೇಕೆಂದರೆ ಸ್ವಲ್ಪ ನಿರಾಸೆಯೇ ಆಯಿತು. ಅಷ್ಟೊಂದು ಹೆದರಿಕೊಂಡು ಬಂದದ್ದು ಇದಕ್ಕಾ ಅಂತ!

ಬೆಳಿಗ್ಗೆ ಎಂಟಕ್ಕೆ ಬರಹೇಳಿದ್ದರು. ಎಂಟಕ್ಕೆ ಹೋದೆವು. ರಕ್ತ ತೆಗೆದುಕೊಂಡರು, ಎತ್ತರ ಅಳೆದರು, ತೂಕ ನೋಡಿದರು. ಆಮೇಲೆ ಕೂರಿಸಿದರು. ಒಂಬತ್ತಾಯಿತು, ಹತ್ತಾಯಿತು, ಹನ್ನೊಂದಾಯಿತು. ಯಾರೂ ಏನೂ ಹೇಳಲಿಲ್ಲ. ನನಗೇನು ಅನ್ನಿಸಿತು ಅಂದರೆ, ರಿಪೋರ್ಟಿನಲ್ಲಿ ಏನೋ ಕೆಟ್ಟದ್ದು ಬಂದಿದೆ, ಡಾಕ್ಟರುಗಳು ಒಳಗೆ ಮಾತಾಡಿಕೊಳ್ಳುತ್ತಿದ್ದಾರೆ. ನಮ್ಮನೆಯವರಿಗೂ ಅದೇ ಅನ್ನಿಸಿತ್ತಂತೆ. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಮೂರು ಗಂಟೆ ಕೂತಿದ್ದೆವು. ಆ ಆಸ್ಪತ್ರೆಯ ಮೇಲೆ ನನಗೆ ಇರುವ ಒಂದೇ ದೂರು ಇದು. ಯಾಕೆ ಕಾಯಬೇಕು ಎಂದು ಒಂದು ಸಾಲು ಹೇಳಿದ್ದರೆ ಸಾಕಿತ್ತು.

ಆ ಒಂದು ಸಾಲನ್ನು ನಾನು ಹೇಳಿಬಿಡುತ್ತೇನೆ. ನಿಮ್ಮ ಔಷಧಿಯನ್ನು ಮೊದಲೇ ಕಲಸಿ ಇಟ್ಟಿರುವುದಿಲ್ಲ. ಬಿಳಿ ರಕ್ತಕಣ, ಪ್ಲೇಟ್‌ಲೆಟ್, ಲಿವರ್, ಕಿಡ್ನಿ ಎಲ್ಲ ಸರಿ ಇದೆ ಎಂದು ರಿಪೋರ್ಟ್ ಬರಬೇಕು. ಡಾಕ್ಟರ್ ಸಹಿ ಹಾಕಬೇಕು. ಆಮೇಲೆ ಫಾರ್ಮಸಿಯವರು ನಿಮ್ಮ ಅಳತೆಗೆ ತಕ್ಕ ಹಾಗೆ ಬೆರೆಸುತ್ತಾರೆ. ಅಂಗಿ ಹೊಲಿಸಿದ ಹಾಗೆ. ಅಳತೆ ಅಂದರೆ ಮೈಯ ಮೇಲ್ಮೈ, ಚದರ ಮೀಟರ್ ಲೆಕ್ಕ. ಎತ್ತರವನ್ನು ಸೆಂಟಿಮೀಟರಿನಲ್ಲಿ, ತೂಕವನ್ನು ಕಿಲೋದಲ್ಲಿ ಬರೆದು ಎರಡನ್ನೂ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯುವುದು ಒಂದು ಸುಲಭ ದಾರಿ. 160 ಸೆಂಟಿಮೀಟರ್, 60 ಕಿಲೋ ಇರುವವರಿಗೆ ಸುಮಾರು 1.63 ಚದರ ಮೀಟರ್ ಬರುತ್ತದೆ. ಡಾಕ್ಸೊರುಬಿಸಿನ್ ಸಾಮಾನ್ಯವಾಗಿ ಚದರ ಮೀಟರಿಗೆ 60 ಮಿಲಿಗ್ರಾಂ. ಅಂದರೆ ಅವರಿಗೆ 98 ಮಿಲಿಗ್ರಾಂ. ಅದಕ್ಕೇ ತೂಕದ ಯಂತ್ರದ ಮೇಲೆ ನಿಂತಾಗ ಚಪ್ಪಲಿ ಬಿಡಿ ಅನ್ನುತ್ತಾರೆ. ನಾಚಿಕೊಂಡು ಎರಡು ಕಿಲೋ ಕಮ್ಮಿ ಹೇಳುವ ಜಾಗ ಅದಲ್ಲ.

ಹನ್ನೊಂದೂವರೆಗೆ ಹೆಸರು ಕರೆದರು.

ಸೂಜಿಯ ವಿಷಯ. ಕಾಲರ್ ಮೂಳೆಯ ಕೆಳಗೆ ಚರ್ಮದಡಿ ಕೂರಿಸುವ ಪೋರ್ಟ್ ಎಂಬ ಪುಟ್ಟ ಡಬ್ಬಿ ಇದೆ. ಅದನ್ನು ಹಾಕಿಸಿಕೊಂಡಿದ್ದರೆ ಪ್ರತಿ ಸಲ ನರ ಹುಡುಕುವ ಪಾಡು ಇಲ್ಲ. ನನಗೆ ಮೊದಲ ಸಲ ಪೋರ್ಟ್ ಇರಲಿಲ್ಲ. ಬಲಗಡೆ ಕಂಕುಳಿನ ಗಂಟುಗಳನ್ನು ತೆಗೆದಿದ್ದರಿಂದ ಬಲಗೈ ಮುಟ್ಟುವ ಹಾಗಿರಲಿಲ್ಲ. ಉಳಿದದ್ದು ಎಡಗೈ. ನನ್ನ ನರಗಳು ಮೊದಲೇ ಸಂಕೋಚದವು, ಭಯಕ್ಕೆ ಇನ್ನೂ ಒಳಗೆ ಹೋಗಿ ಕೂತಿದ್ದವು. ಬಿಸಿನೀರಿನ ಚೀಲ ಇಟ್ಟರು, ತಟ್ಟಿದರು, ಮುಷ್ಟಿ ಕಟ್ಟಿಸಿದರು. ಎರಡನೇ ಚುಚ್ಚಿಗೆ ಮುಂಗೈ ಮತ್ತು ಮೊಣಕೈ ನಡುವೆ ಒಂದು ಸಿಕ್ಕಿತು. ಆ ಬೆಳಿಗ್ಗೆ ನೀರು ಜಾಸ್ತಿ ಕುಡಿದು ಹೋಗಿ, ಕೈ ಬೆಚ್ಚಗಿಟ್ಟುಕೊಂಡು ಹೋಗಿ. ತೋಳು ಸಡಿಲವಾಗಿರುವ ಬಟ್ಟೆ ಹಾಕಿಕೊಳ್ಳಿ. ನಾನು ಬಿಗಿ ತೋಳಿನ ಅಂಗಿ ಹಾಕಿಕೊಂಡು ಹೋಗಿ ನಗೆಪಾಟಲಾದೆ.

ಮೊದಲು ವಾಂತಿ ತಡೆಯುವ ಔಷಧಿಗಳು ಬರುತ್ತವೆ. ಒಂದು ಕ್ಯಾಪ್ಸೂಲ್ ನುಂಗಿಸಿದರು. ಆಮೇಲೆ ಡ್ರಿಪ್ಪಿನ ಕೊಳವೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್. ಇಲ್ಲಿ ಒಂದು ವಿಷಯ ಹೇಳಬೇಕು. ಯಾವ ಕೈಪಿಡಿಯಲ್ಲೂ ನನಗೆ ಇದು ಸಿಗಲಿಲ್ಲ. ಸಭೆಯಲ್ಲಿ ಗಂಡಸರೂ ಇದ್ದೀರಿ, ಪರವಾಗಿಲ್ಲ. ಆ ಸ್ಟಿರಾಯ್ಡ್ ಸ್ವಲ್ಪ ಬೇಗ ಒಳಗೆ ಹೋದರೆ, ಕೂರುವ ಜಾಗದಲ್ಲಿ, ಇನ್ನೂ ಮುಂದಕ್ಕೆ ಅಂತಲೇ ಇಟ್ಟುಕೊಳ್ಳಿ, ಸಾವಿರ ಇರುವೆ ಒಟ್ಟಿಗೆ ಹರಿದ ಹಾಗೆ ಚುರುಚುರು ಅನ್ನುತ್ತದೆ. ನಾನು ಕುರ್ಚಿಯಲ್ಲಿ ಒಂದಡಿ ಎಗರಿದೆ. ಏನಾಯಿತು ಅಂತ ಹೇಳುವುದು ಹೇಗೆ? ಪಕ್ಕದಲ್ಲಿ ನಮ್ಮನೆಯವರು, ಎದುರಿಗೆ ಅಪರಿಚಿತ ಗಂಡಸು. ಏನಿಲ್ಲ ಏನಿಲ್ಲ ಎಂದೆ. ಸಿಸ್ಟರ್ ಬಗ್ಗಿ ಕಿವಿಯಲ್ಲಿ, "ಆಂಟಿ, ಕೆಳಗೆ ಚುರುಚುರು ಅಂತಾ ಇದೆಯಾ? ಸುಮಾರು ಜನಕ್ಕೆ ಆಗುತ್ತೆ, ಈಗ ಹೋಗುತ್ತೆ" ಅಂದಳು. ವೇಗ ಕಮ್ಮಿ ಮಾಡಿದಳು. ನಿಮಿಷದೊಳಗೆ ಹೋಯಿತು. ಅವಳಿಗೆ ಗೊತ್ತಿತ್ತು. ನಾನು ಹೇಳಲಿಲ್ಲ, ಅಷ್ಟೇ. ಇದು ನನ್ನ ಪೆದ್ದುತನದ ಮೊದಲ ಕಂತು.

ಎರಡನೇ ಕಂತು ಕೆಂಪು ಔಷಧಿಯದು.

ಡಾಕ್ಸೊರುಬಿಸಿನ್ ಕೆಂಪಗಿರುತ್ತದೆ. ಗಾಢ ಕೆಂಪು, ಬೆಳಕಿಗೆ ಹಿಡಿದರೆ ಕಿತ್ತಳೆ ಛಾಯೆ. ಇದಕ್ಕೆ ರೋಗಿಗಳು ಪ್ರಪಂಚದ ತುಂಬ ಕೆಂಪು ಪಿಶಾಚಿ ಎಂಬ ಅಡ್ಡಹೆಸರು ಇಟ್ಟಿದ್ದಾರೆ. ನನಗೆ ಆ ಹೆಸರು ಇಷ್ಟವಿಲ್ಲ. ಮೈಯೊಳಗೆ ಬಿಟ್ಟುಕೊಳ್ಳುವ ಅತಿಥಿಗೆ ಯಾರಾದರೂ ಅಂಥ ಹೆಸರಿಡುತ್ತಾರಾ? ಅದರ ಹುಟ್ಟು ನೋಡಿದರೆ ಬಹಳ ಸಾದಾ. 1950ರ ದಶಕದಲ್ಲಿ ಇಟಲಿಯ ಕಾಸ್ಟೆಲ್ ದೆಲ್ ಮೊಂತೆ ಎಂಬ ಹಳೆಯ ಕೋಟೆಯ ಹತ್ತಿರ ತೆಗೆದ ಮಣ್ಣಿನಲ್ಲಿ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಕೆಂಪು ಬಣ್ಣ ಬಿಡುತ್ತಿತ್ತು. ಅದರ ಇನ್ನೊಂದು ತಳಿಯಿಂದ ಬಂದದ್ದು ಈ ಔಷಧಿ. ಹತ್ತಿರದ ಏಡ್ರಿಯಾಟಿಕ್ ಸಮುದ್ರದ ಹೆಸರಿನಲ್ಲಿ ಏಡ್ರಿಯಾಮೈಸಿನ್ ಎಂದು ಕರೆದರು. ಮಣ್ಣಿನಿಂದ ಬಂದದ್ದು. ಪಿಶಾಚಿಯಲ್ಲ.

ಇಬ್ಬರು ಸಿಸ್ಟರ್‌ಗಳು ಬಂದರು. ನನ್ನ ಹೆಸರು ಕೇಳಿದರು, ಹುಟ್ಟಿದ ದಿನ ಕೇಳಿದರು. ಕೈಪಟ್ಟಿ ನೋಡಿ, ಸಿರಿಂಜಿನ ಮೇಲಿನ ಚೀಟಿ ನೋಡಿ, ಒಬ್ಬಳು ಜೋರಾಗಿ ಓದಿದಳು, ಇನ್ನೊಬ್ಬಳು ಸರಿ ಅಂದಳು. ಬೆಳಿಗ್ಗೆಯಿಂದ ಆರನೇ ಸಲ ಹೆಸರು ಹೇಳಿ ನನಗೆ ಬೇಜಾರು ಬಂದಿತ್ತು. ಬೇಜಾರು ಮಾಡಿಕೊಳ್ಳಬೇಡಿ. ನೂರು ಸಲ ಕೇಳಲಿ, ನೂರು ಸಲ ಹೇಳಿ. ಹೆಸರು ಕೇಳದೆ ಯಾರಾದರೂ ಏನಾದರೂ ಹಾಕಲು ಬಂದರೆ ಆಗ ಬೇಜಾರು ಮಾಡಿಕೊಳ್ಳಿ.

ಆಮೇಲೆ ಅವಳು ಉದ್ದ ಗೌನ್ ಹಾಕಿಕೊಂಡಳು. ಒಂದರ ಮೇಲೊಂದು ಎರಡು ಜೊತೆ ಗ್ಲೌಸ್. ಕಣ್ಣಿಗೆ ಕನ್ನಡಕ. ನಾನು ನೋಡುತ್ತಲೇ ಇದ್ದೆ. ಅವಳ ಚರ್ಮಕ್ಕೆ ಒಂದು ಹನಿ ತಾಗಬಾರದು, ನನಗೆ ಮಾತ್ರ ಇಡೀ ಸಿರಿಂಜ್ ನರದೊಳಗೆ! ಇದು ಎಲ್ಲರಿಗೂ ಬರುವ ಯೋಚನೆ. ಅವಳಿಗೇ ಕೇಳಿದೆ. ನಕ್ಕಳು. "ನಿಮಗೆ ನಾಲ್ಕು ಸಲ ಆಂಟಿ. ನಾನು ದಿನಾ ಹತ್ತು ಜನಕ್ಕೆ ಹಾಕ್ತೀನಿ. ನನಗೆ ಕ್ಯಾನ್ಸರ್ ಇಲ್ವಲ್ಲ, ನನಗೆ ಇದು ಬರೀ ವಿಷ" ಅಂದಳು. ಇಷ್ಟು ಚೆನ್ನಾಗಿ ನಾನು ಯಾವ ಪಾಠವನ್ನೂ ವಿವರಿಸಿಲ್ಲ.

ಈ ಔಷಧಿಯನ್ನು ಕಂಬಕ್ಕೆ ನೇತುಹಾಕಿ ಹೋಗಿಬಿಡುವುದಿಲ್ಲ. ನನ್ನಂಥ ಕೈನರದವರಿಗೆ ಸಿಸ್ಟರ್ ಪಕ್ಕದಲ್ಲೇ ಕೂತು, ಸಲೈನ್ ಹರಿಯುತ್ತಿರುವಾಗ ಸಿರಿಂಜಿನಿಂದ ಸ್ವಲ್ಪ ಸ್ವಲ್ಪವೇ ತಳ್ಳುತ್ತಾಳೆ. ನಡುನಡುವೆ ಹಿಂದಕ್ಕೆ ಎಳೆದು ಕೊಳವೆಯಲ್ಲಿ ರಕ್ತ ಬರುತ್ತದಾ ನೋಡುತ್ತಾಳೆ. ಬಂದರೆ ಸೂಜಿ ನರದೊಳಗೇ ಇದೆ ಎಂದರ್ಥ. ಯಾಕೆ ಇಷ್ಟು ಜೋಪಾನ ಅಂದರೆ, ಇದು ನರದಿಂದ ಹೊರಗೆ ಸೋರಿದರೆ ಅಲ್ಲಿನ ಚರ್ಮ, ಮಾಂಸ ಎಲ್ಲ ಕೊಳೆಯುವಷ್ಟು ಗಾಯ ಆಗಬಹುದು. ಅಪರೂಪ. ಆದರೆ ಆಗುವುದು ಗೊತ್ತಾದ ತಕ್ಷಣ ನಿಲ್ಲಿಸಿದರೆ ಮಾಡಲು ದಾರಿಗಳಿವೆ. ತಣ್ಣನೆ ಪಟ್ಟಿ ಇಡುತ್ತಾರೆ, ಡೆಕ್ಸ್‌ರಜೋಕ್ಸೇನ್ ಎಂಬ ಮದ್ದು ಇದೆ, ಅದನ್ನು ಸೋರಿದ 6 ಗಂಟೆಯೊಳಗೆ ಶುರುಮಾಡಬೇಕು. ಎಲ್ಲವೂ ನಿಂತಿರುವುದು ಬೇಗ ಗೊತ್ತಾಗುವುದರ ಮೇಲೆ. ಮೊದಲು ಗೊತ್ತಾಗುವುದು ಯಾರಿಗೆ? ಕೈ ಯಾರದೋ ಅವರಿಗೆ.

ಅರ್ಧ ಸಿರಿಂಜ್ ಹೋಗಿರಬೇಕು. ಸೂಜಿಯ ಮೇಲ್ಗಡೆ ನರದ ಗುಂಟ ಉರಿ ಶುರುವಾಯಿತು. ತುರಿಕೆಯೂ ಇತ್ತು. ನಾನು ಏನು ಮಾಡಿದೆ ಹೇಳಿ? ಸುಮ್ಮನೆ ಕೂತೆ. ಕೀಮೋ ಅಂದರೆ ಇದೇ ಇರಬೇಕು ಅಂದುಕೊಂಡೆ. ಎಲ್ಲರೂ ಸಹಿಸಿಕೊಂಡಿದ್ದಾರೆ, ನನ್ನದೇನು ವಿಶೇಷ ಅಂತ. ಹಲ್ಲು ಕಚ್ಚಿಕೊಂಡು ಸೀಲಿಂಗ್ ಫ್ಯಾನ್ ನೋಡುತ್ತಾ ನಗುಮುಖ ಮಾಡಿಕೊಂಡು ಕೂತೆ. ಎರಡು ಹೆರಿಗೆ ಆಗಿದೆ, ಮೂವತ್ತು ವರ್ಷ ಮನೆ, ಶಾಲೆ ಎರಡೂ ತೂಗಿಸಿದ್ದೇನೆ, ನೋವಾದರೆ ಬಾಯಿಮುಚ್ಚಿಕೊಂಡಿರುವುದು ನನಗೆ ಉಸಿರಾಡಿದಷ್ಟು ಅಭ್ಯಾಸ. ಅದನ್ನು ಧೈರ್ಯ ಅಂದುಕೊಂಡಿದ್ದೆ.

ಸಿಸ್ಟರ್ ನನ್ನ ಮುಖ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದಳು. ನನ್ನ ಹೆಬ್ಬೆರಳು ನೆಟ್ಟಗೆ ಮೇಲೆದ್ದು ನಿಂತಿತ್ತಂತೆ. ಕೈ ನಿಲ್ಲಿಸಿದಳು. "ಉರೀತಾ ಇದೆಯಾ?" "ಸ್ವಲ್ಪ." "ಯಾವಾಗಿನಿಂದ?" ನಾನು ಉತ್ತರ ಕೊಡಲಿಲ್ಲ. ಬ್ಯಾಂಡೇಜ್ ಪಕ್ಕ ನೋಡಿದಳು. ನರದ ಗುಂಟ ಕೆಂಪು ಗೆರೆ ಎದ್ದಿತ್ತು. ಸಿರಿಂಜ್ ಹಿಂದಕ್ಕೆ ಎಳೆದಳು. ರಕ್ತ ಸಲೀಸಾಗಿ ಬಂತು. ಇನ್ನೊಬ್ಬ ಹಿರಿಯ ಸಿಸ್ಟರನ್ನು ಕರೆದು ತೋರಿಸಿದಳು. ಊತ ಇಲ್ಲ, ರಕ್ತ ಬರುತ್ತಿದೆ, ಸೋರಿಲ್ಲ. ಈ ಔಷಧಿಗೆ ನರ ಹೀಗೆ ಸಿಟ್ಟಾಗುವುದು ಉಂಟಂತೆ. ಸಲೈನ್ ಬಿಟ್ಟು ಕಾದರು. ಗೆರೆ ಮಾಸಿತು. ಮತ್ತೆ ನಿಧಾನವಾಗಿ ಉಳಿದದ್ದನ್ನು ಹಾಕಿದರು.

ಏನೂ ಆಗಲಿಲ್ಲ. ಆದರೆ ಆಗಿದ್ದರೆ? ಅವಳು ಗ್ಲೌಸ್ ತೆಗೆಯುತ್ತಾ ಹೇಳಿದಳು, "ನೀವು ನಗ್ತಾ ಇದ್ರೆ ನನಗೆ ಹೇಗೆ ಗೊತ್ತಾಗಬೇಕು ಆಂಟಿ? ಉರಿದರೆ ಹೇಳಿ. ಇಲ್ಲಿ ನಿಮ್ಮದು ಅದೊಂದೇ ಕೆಲಸ, ಉಳಿದದ್ದೆಲ್ಲ ನಾವು ಮಾಡ್ತೀವಿ." ನನ್ನ ಮಗಳಿಗಿಂತ ಚಿಕ್ಕವಳು. ಕ್ಲಾಸಿನಲ್ಲಿ ಬೈಸಿಕೊಂಡ ಹುಡುಗಿಯ ಹಾಗೆ ತಲೆ ಆಡಿಸಿದೆ.

ನಿಮ್ಮಲ್ಲಿ ಕೆಲವರಿಗೆ ಮೊದಲ ದಿನವೇ ಪ್ಯಾಕ್ಲಿಟ್ಯಾಕ್ಸೆಲ್ ಇರಬಹುದು. ಅವರಿಗೆ ಈ ಮಾತು ಇನ್ನೂ ಮುಖ್ಯ. ಅದು ನೀರಿನಲ್ಲಿ ಕರಗುವುದಿಲ್ಲ. ಕರಗಿಸಲು ಹರಳೆಣ್ಣೆಯಿಂದ ಮಾಡಿದ ಒಂದು ದ್ರಾವಣ ಬೆರೆಸಿರುತ್ತಾರೆ. ಕೆಲವರ ಮೈಗೆ ಅದು ಒಗ್ಗುವುದಿಲ್ಲ. ಮೊದಲ ಅಥವಾ ಎರಡನೇ ಸಲ, ಶುರುವಾದ ಕೆಲವೇ ನಿಮಿಷಗಳಲ್ಲಿ, ಎದೆ ಬಿಗಿ, ಮುಖ ಬಿಸಿ, ಬೆನ್ನು ನೋವು, ಉಸಿರು ಕಟ್ಟಿದ ಹಾಗೆ ಆಗಬಹುದು. ತಡೆಯಲೆಂದೇ ಮೊದಲು ಸ್ಟಿರಾಯ್ಡ್ ಮತ್ತು ಅಲರ್ಜಿ ಔಷಧಿ ಕೊಟ್ಟಿರುತ್ತಾರೆ. ಆದರೂ ಬಂದರೆ ಡ್ರಿಪ್ ನಿಲ್ಲಿಸುತ್ತಾರೆ, ಬಹಳ ಜನರಿಗೆ ಆಮೇಲೆ ನಿಧಾನವಾಗಿ ಮುಂದುವರಿಸುತ್ತಾರೆ. ಗ್ಯಾಸ್ ಇರಬೇಕು, ನೋಡೋಣ ಅಂತ ಕೂರಬೇಡಿ. ಕೂಗಿ. ಮರ್ಯಾದೆಯ ಪ್ರಶ್ನೆ ಅಲ್ಲ.

ಕೆಂಪು ಮುಗಿದ ಮೇಲೆ ಬಿಳಿ. ಸೈಕ್ಲೊಫಾಸ್ಫಮೈಡ್ ನೀರಿನ ಹಾಗೆ ಇರುತ್ತದೆ, ಡ್ರಿಪ್ಪಿನಲ್ಲಿ ಹೋಗುತ್ತದೆ. ಬೇಗ ಹೋದರೆ ಮೂಗಿನ ಮೇಲ್ಭಾಗ, ಹುಬ್ಬಿನ ನಡುವೆ ಜುಮ್ಮೆನ್ನುತ್ತದೆ. ಈಜುವಾಗ ಮೂಗಿಗೆ ನೀರು ಹೋದ ಹಾಗೆ. ಈ ಸಲ ನಾನು ತಕ್ಷಣ ಹೇಳಿದೆ. ಅವಳು ಕೊಳವೆಯ ಚಕ್ರ ಅರ್ಧ ಸುತ್ತು ತಿರುಗಿಸಿದಳು, ಸರಿಹೋಯಿತು. ಇಷ್ಟೇ.

ಈ ಬಿಳಿಯ ಪೂರ್ವಜರ ಕಥೆ ಕೇಳಿದರೆ ದಂಗಾಗುತ್ತೀರಿ. ಯುದ್ಧದ ವಿಷಾನಿಲ, ಮಸ್ಟರ್ಡ್ ಗ್ಯಾಸ್. ಅದು ತಾಗಿದವರಲ್ಲಿ ಬಿಳಿ ರಕ್ತಕಣ ಕುಸಿಯುತ್ತದೆ ಎಂದು ಗೊತ್ತಿತ್ತು. ಹಾಗಾದರೆ ಬಿಳಿ ರಕ್ತಕಣದ ಕ್ಯಾನ್ಸರ್‌ಗೆ ಕೊಟ್ಟರೆ ಹೇಗೆ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್ಮನ್ ಯೋಚಿಸಿದರು. 1942ರಲ್ಲಿ ಅದರ ಸೋದರ ರಾಸಾಯನಿಕ ನೈಟ್ರೋಜನ್ ಮಸ್ಟರ್ಡನ್ನು ಒಬ್ಬ ರೋಗಿಗೆ ಕೊಡಲಾಯಿತು. ಗಡ್ಡೆಗಳು ಕರಗಿದವು, ಸ್ವಲ್ಪ ಕಾಲ. ಯುದ್ಧದ ಗುಟ್ಟು ಅಂತ 1946ರವರೆಗೆ ಅದನ್ನು ಪ್ರಕಟಿಸಲಿಲ್ಲ. ಆ ವಂಶದಲ್ಲಿ ಹುಟ್ಟಿದ ಮೆದು ಸ್ವಭಾವದ ಮೊಮ್ಮಗು ಸೈಕ್ಲೊಫಾಸ್ಫಮೈಡ್. ಗಡ್ಡೆ ತೆಗೆದಾಯಿತಲ್ಲ, ಇನ್ನು ಕೀಮೋ ಯಾಕೆ ಎಂದು ನನ್ನ ಹಾಗೇ ಕೇಳುವವರಿಗೂ ಉತ್ತರ ಇದರ ಹತ್ತಿರವೇ ಇದೆ. ಆಪರೇಷನ್ ಆದ ಮೇಲೆ ಈ ಔಷಧಿಯೂ ಸೇರಿದಂತೆ ಮೂರು ಔಷಧಿ ಕೊಟ್ಟರೆ ಕ್ಯಾನ್ಸರ್ ಮರುಕಳಿಸುವುದು ಕಮ್ಮಿಯಾಗುತ್ತದೆ ಎಂದು 1976ರಲ್ಲಿ ಮಿಲಾನ್‌ನ ಬೊನಾಡೊನ್ನ ತಂಡ ತೋರಿಸಿತು. ಕಣ್ಣಿಗೆ ಕಾಣದೆ ಎಲ್ಲಿಯೋ ಉಳಿದಿರಬಹುದಾದ ಪುಡಿಯನ್ನು ಗುಡಿಸುವ ಕೆಲಸ ಅದು.

ನನ್ನ ಪಕ್ಕದ ಕುರ್ಚಿಯವರದು ಅವತ್ತು ಹನ್ನೊಂದನೇ ಪ್ಯಾಕ್ಲಿಟ್ಯಾಕ್ಸೆಲ್. ಹಳೆಯ ಹುಲಿ. ಕಂಬ ಹಿಡಿದುಕೊಂಡು ಬಾತ್‌ರೂಮಿಗೆ ಹೋಗುವುದು ಹೇಗೆ ಎಂದು ಹೇಳಿಕೊಟ್ಟವರು ಅವರೇ. ಕಂಬ ಯಾವಾಗಲೂ ಡ್ರಿಪ್ ಇರುವ ಕೈ ಪಕ್ಕದಲ್ಲೇ ಇರಬೇಕು, ಅಡ್ಡ ಬಂದರೆ ಕೊಳವೆ ಸುತ್ತಿಕೊಳ್ಳುತ್ತದೆ. ಬಾಟಲಿ ಕೈಗಿಂತ ಮೇಲೇ ಇರಬೇಕು, ಇಲ್ಲದಿದ್ದರೆ ರಕ್ತ ಕೊಳವೆಯೊಳಗೆ ಏರಿ ಬರುತ್ತದೆ, ನೋಡಿ ಗಾಬರಿಯಾಗುತ್ತೀರಿ. ಬಾಗಿಲು ದಾಟುವಾಗ ಕಂಬದ ಚಕ್ರ ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತದೆ, ಎತ್ತಿ ಇಡಬೇಕು. ನೀರು ಜಾಸ್ತಿ ಕುಡಿಸುತ್ತಾರೆ, ಯಾಕೆಂದರೆ ಸೈಕ್ಲೊಫಾಸ್ಫಮೈಡ್ ಮೂತ್ರಕೋಶಕ್ಕೆ ಉರಿ ತರಿಸಬಲ್ಲದು, ಅಲ್ಲಿ ನಿಲ್ಲಬಾರದು. ಅಂದರೆ ಈ ಮೆರವಣಿಗೆ ಐದಾರು ಸಲ.

ಮೊದಲ ಮೆರವಣಿಗೆಯಲ್ಲಿ ಮೂತ್ರ ಗುಲಾಬಿ ಬಣ್ಣಕ್ಕೆ ಬಂದರೆ ಹೆದರಬೇಡಿ. ಕೆಂಪು ಔಷಧಿಯ ಬಣ್ಣ ಅದು, ಒಂದೆರಡು ದಿನ ಇರುತ್ತದೆ. ಬಣ್ಣ ಆಮೇಲೂ ಹೋಗದಿದ್ದರೆ, ಅಥವಾ ಉರಿ ಇದ್ದರೆ, ಹೇಳಬೇಕು. ಮನೆಯಲ್ಲಿ 48 ಗಂಟೆ ಟಾಯ್ಲೆಟ್ಟಿನ ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಿ ಅಂದರು. ವಾಂತಿ, ಮೂತ್ರ ತಾಗಿದ ಬಟ್ಟೆ ಮುಟ್ಟುವವರು ಗ್ಲೌಸ್ ಹಾಕಿಕೊಳ್ಳಬೇಕು. ಅಷ್ಟೇ ನಿಯಮ.

ನಾಲ್ಕೂವರೆಗೆ ಮನೆ. ನೆಂಟರ ಫೋನುಗಳು. ಎಲ್ಲರಿಗೂ ಒಂದೇ ಉತ್ತರ, ಚೆನ್ನಾಗಿದ್ದೇನೆ. ನಿಜಕ್ಕೂ ಚೆನ್ನಾಗಿದ್ದೆ, ಜಾಸ್ತಿಯೇ ಚೆನ್ನಾಗಿದ್ದೆ. ಕೆನ್ನೆ ಕೆಂಪಗಿತ್ತು. ರಾತ್ರಿ ಒಂದು ಗಂಟೆಗೆ ಬೀರು ತೆಗೆದು ಹದಿನೈದು ವರ್ಷದ ಬಿಲ್ಲುಗಳನ್ನು ವಿಂಗಡಿಸುತ್ತಾ ಕೂತಿದ್ದೆ. ಅದು ನನ್ನ ಹುರುಪಲ್ಲ, ಸ್ಟಿರಾಯ್ಡಿನದು. ಅದರ ಪ್ರಭಾವ ಇಳಿದ ಮೂರನೇ ದಿನ ಹಾಸಿಗೆ ಹಿಡಿದೆ. ಮೊದಲ ಸಂಜೆಯ ಹುಮ್ಮಸ್ಸನ್ನು ನಂಬಿ ಮೂರನೇ ದಿನಕ್ಕೆ ಯಾರನ್ನೂ ಮನೆಗೆ ಕರೆಯಬೇಡಿ. ಇನ್ನೊಂದು, ವಾಂತಿ ತಡೆಯುವ ಮಾತ್ರೆಗಳು ಹೊಟ್ಟೆ ಕಟ್ಟಿಸುತ್ತವೆ. ವಾಕರಿಕೆಗಿಂತ ನಾನು ಒದ್ದಾಡಿದ್ದು ಅದಕ್ಕೆ. ಅದಕ್ಕೂ ಮಾತ್ರೆ ಮೊದಲ ದಿನವೇ ಕೇಳಿ ಬರೆಸಿಕೊಳ್ಳಿ.

ಹೊರಡುವ ಮುಂಚೆ ಒಂದು ಕಾಗದ ಕೊಡುತ್ತಾರೆ. ಅದರಲ್ಲಿ ಹತ್ತು ಸಾಲು ಇದ್ದರೆ ಒಂದು ಸಾಲು ಬಂಗಾರ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಹಗಲಾಗಲಿ ರಾತ್ರಿಯಾಗಲಿ ಫೋನ್ ಮಾಡಿ. ಏಳರಿಂದ ಹದಿನಾಲ್ಕನೇ ದಿನದ ಸುಮಾರಿಗೆ ಬಿಳಿ ರಕ್ತಕಣ ತಳ ಮುಟ್ಟಿರುತ್ತದೆ. ಆಗ ಸಣ್ಣ ಸೋಂಕು ಗಂಟೆಗಳಲ್ಲಿ ದೊಡ್ಡದಾಗಬಹುದು. ಕೇಳದೆ ಪ್ಯಾರಾಸಿಟಮಾಲ್ ನುಂಗಬೇಡಿ, ಜ್ವರ ಅಡಗಿ ಕೂರುತ್ತದೆ. ನನಗೆ ಒಂಬತ್ತನೇ ದಿನ ರಾತ್ರಿ ಹನ್ನೊಂದಕ್ಕೆ 100.6 ಬಂತು. ಇಷ್ಟು ಹೊತ್ತಿನಲ್ಲಿ ಯಾಕೆ ತೊಂದರೆ ಕೊಡೋದು, ಬೆಳಿಗ್ಗೆ ನೋಡೋಣ ಎಂದೆ. ಪೆದ್ದುತನದ ಮೂರನೇ ಕಂತು. ನಮ್ಮನೆಯವರು ಥರ್ಮಾಮೀಟರ್ ಕಸಿದುಕೊಂಡು ಫೋನ್ ಮಾಡಿದರು. ಆ ರಾತ್ರಿಯೇ ಆಸ್ಪತ್ರೆ, ಆ ರಾತ್ರಿಯೇ ಆ್ಯಂಟಿಬಯಾಟಿಕ್. ನಾಲ್ಕು ದಿನಕ್ಕೆ ಮನೆಗೆ ಬಂದೆ.

ಸಮಯ ಆಯಿತು ಅನ್ನುತ್ತಿದ್ದಾರೆ. ಪ್ರಶ್ನೆ ಇದ್ದರೆ ಕೇಳಿ.

(ಮೊದಲು ಕೇಳಿದವರು, ಆ ದಿನ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬಹುದಾ ಎಂದರು.)

ಧಾರಾಳವಾಗಿ. ಅಪ್ಪಿಕೊಳ್ಳಿ, ಮುದ್ದು ಮಾಡಿ. ಔಷಧಿ ಮೈಯ ಹೊರಗೆ ಅಂಟಿಕೊಂಡಿರುವುದಿಲ್ಲ. ಎಚ್ಚರ ಬೇಕಾಗಿರುವುದು ಮೂತ್ರ, ವಾಂತಿಯಂಥವುಗಳ ವಿಷಯದಲ್ಲಿ. ಆ ಮಗುವಿಗೆ ನೆಗಡಿ, ಜ್ವರ ಇದ್ದರೆ ಮಾತ್ರ ಸ್ವಲ್ಪ ದೂರ.

(ವಯಸ್ಸು ಚಿಕ್ಕದು, ಮಕ್ಕಳು ಬೇಕು, ಮೊದಲ ದಿನ ಕೇಳಿದರೆ ಸಾಕಾ ಎಂದು ಇನ್ನೊಬ್ಬರು ಕೇಳಿದರು.)

ಸಾಲದು. ಮೊದಲ ದಿನಕ್ಕಿಂತ ಮೊದಲೇ ಕೇಳಬೇಕು. ಈ ಔಷಧಿಗಳು ಅಂಡಾಶಯಕ್ಕೆ ಪೆಟ್ಟು ಕೊಡಬಹುದು. ಅಂಡಾಣು ತೆಗೆದಿಡುವ ದಾರಿ ಇದೆ, ಆದರೆ ಅದು ಕೀಮೋಗೆ ಮುಂಚೆ ಆಗಬೇಕು. ನಾಳೆಯೇ ಫೋನ್ ಮಾಡಿ. ಸಂಕೋಚ ಬೇಡ.

(ಕೊನೆಗೆ ಅರ್ಧ ಕೈಯವರು ಎದ್ದು ನಿಂತರು. ಈ ಸಲ ಕೈ ಪೂರ್ತಿ ಎತ್ತಿದ್ದರು. "ನಮ್ಮನೆಯವರು ಜೊತೆಗೆ ಬರ್ತೀನಿ ಅಂತಿದ್ದಾರೆ. ಅಷ್ಟು ಹೊತ್ತು ಅಲ್ಲಿ ಕೂತು ಅವರು ಏನು ಮಾಡಬೇಕು?" ಎಂದರು.)

ಒಳ್ಳೆಯ ಪ್ರಶ್ನೆ. ಡಾಕ್ಟರ್ ಹೇಳಿದ್ದನ್ನು ಬರೆದುಕೊಳ್ಳಲಿ, ನಿಮಗೆ ಅವತ್ತು ಅರ್ಧವೂ ತಲೆಗೆ ಹೋಗುವುದಿಲ್ಲ. ನಿಮ್ಮ ಕಾಲಿನ ಹೆಬ್ಬೆರಳ ಮೇಲೆ ಒಂದು ಕಣ್ಣಿಟ್ಟಿರಲಿ. ನಮ್ಮವರು ಏನು ಮಾಡಿದರು ಗೊತ್ತಾ? ಅವರಿಗೆ ಲೆಕ್ಕ ಅಂದರೆ ಪ್ರಾಣ. ಔಷಧಿ ಮುಗಿದ ಮೇಲೆ ಬರೀ ಸಲೈನ್, 500 ಮಿಲಿಯ ಬಾಟಲಿ ಹಾಕಿದ್ದರು. ಡ್ರಿಪ್ಪಿನ ಕವರಿನ ಮೇಲೆ 20 ಹನಿಗೆ 1 ಮಿಲಿ ಅಂತ ಬರೆದದ್ದು ಇವರ ಕಣ್ಣಿಗೆ ಬಿತ್ತು. ಗಡಿಯಾರ ಹಿಡಿದು ಹದಿನೈದು ಸೆಕೆಂಡಿಗೆ 21 ಹನಿ ಎಣಿಸಿದರು. ನಿಮಿಷಕ್ಕೆ 84. ಒಟ್ಟು 10,000 ಹನಿ. "ಎರಡು ಗಂಟೆಗೆ ಒಂದು ನಿಮಿಷ ಕಮ್ಮಿ, ನಾಲ್ಕಕ್ಕೆ ಎದ್ದುಬಿಡಬಹುದು" ಎಂದು ಘೋಷಿಸಿದರು. ಅಷ್ಟರಲ್ಲಿ ನಾನು ಕಂಬ ತಳ್ಳಿಕೊಂಡು ಬಾತ್‌ರೂಮಿಗೆ ಹೋಗಿ ಬಂದೆ. ಕೈ ಮಡಚಿದ್ದಕ್ಕೆ ಹನಿ ನಿಧಾನ ಆಗಿತ್ತು. ಮತ್ತೆ ಎಣಿಸಿದರು. ಹೀಗೆ ಮೂರು ಸಲ. ಬಾಟಲಿ ಖಾಲಿಯಾದದ್ದು ಅವರ ಲೆಕ್ಕಕ್ಕಿಂತ ಹತ್ತು ನಿಮಿಷ ತಡವಾಗಿ. ತಪ್ಪು ಲೆಕ್ಕದ್ದಲ್ಲ, ನೀನು ಕೈ ಮಡಚಿದ್ದು ಅಂತ ಇವತ್ತಿಗೂ ಹೇಳುತ್ತಾರೆ. ಅಲ್ಲೇ ಕೂತಿದ್ದಾರೆ, ಬೇಕಾದರೆ ಕೇಳಿ.